ಹೆಬ್ಬೆಟ್ಟಿನ ಕೆಳಗಿನ ಗಾಳಿ

ಬೇವೂರಿನ ಗಾಳೆಪ್ಪನಿಗೆ ಮನೆ ಕಟ್ಟುವ ಗೌಂಡಿಗಳ ಮೇಲೆ ನಂಬಿಕೆ ಇರಲಿಲ್ಲ. ಇದ್ದದ್ದು ತನ್ನ ಮೇಲೊಂದೇ. ತಮ್ಮ ದುಂಡೇಶ ಪಕ್ಕದಲ್ಲೇ ಮನೆ ಕಟ್ಟಲು ನಿಂತಾಗ, ನೀರು ತುಂಬಿದ ಮಟ್ಟದ ಪೈಪಿನ ಒಂದು ತುದಿಯನ್ನು ಹಿರಿಯನಾದ ತಾನೇ ಹಿಡಿಯಬೇಕೆಂದ. ಆ ಮನೆತನದಲ್ಲಿ ಅದು ಪದ್ಧತಿ, ಯಾರೂ ಎದುರಾಡಲಿಲ್ಲ.

ಎರಡೂ ಮನೆಯ ನೆಲ ಒಂದೇ ಮಟ್ಟಕ್ಕೆ ಬರಬೇಕಿತ್ತು. ನಡುಗೋಡೆಯಲ್ಲಿ ಬಾಗಿಲು ಒಡೆದರೆ ಮೊಣಕಾಲು ನೋವಿನ ತಾಯಿ ಲಗಮವ್ವ ಕಾಲೆತ್ತದೆ ಅತ್ತಿತ್ತ ಓಡಾಡಬಹುದು ಎಂಬುದು ಲೆಕ್ಕ. ಪೈಪಿನೊಳಗಿನ ನೀರಿಗೆ ಅಣ್ಣ ತಮ್ಮ ಗೊತ್ತಿಲ್ಲ. ಎರಡು ತುದಿಯ ಮೇಲೂ ಗಾಳಿ ಒಂದೇ ಸಮ ಒತ್ತಿದರೆ ಅದು ಎರಡೂ ಕಡೆ ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಗಾಳೆಪ್ಪ ತನ್ನ ಗೋಡೆಯ ಗೆರೆಗೆ ನೀರು ಹೊಂದಿಸಿದ, ತಮ್ಮನ ಕಡೆಯ ತುದಿಯಲ್ಲಿ ನಿಂತ ನೀರು ನೋಡಿ ಗೌಂಡಿ ಗೆರೆ ಎಳೆದ.

ನೆಲಕ್ಕೆ ಫರಸಿ ಕಲ್ಲು ಹಾಕಿ ಗೋಡೆ ಒಡೆದಾಗ ದುಂಡೇಶನ ನೆಲ ನಾಲ್ಕು ಬೆರಳು ಮೇಲಿತ್ತು.

"ನನಗಿಂತ ಎತ್ತರ ಕುಂದ್ರಬೇಕಾಗಿತ್ತೇನಲೇ ನಿನಗ?" ಎಂದ ಗಾಳೆಪ್ಪ.

ದುಂಡೇಶ ಮಾತಾಡಲಿಲ್ಲ. ಆ ಮೌನವನ್ನೇ ತಪ್ಪೊಪ್ಪಿಗೆ ಎಂದುಕೊಂಡ ಅಣ್ಣ ಮಹಾಶಯ ಹೊಸ ಬಾಗಿಲಿಗೆ ಹಲಗೆ ಬಡಿದ. ಹೊಸ ಮನೆ ನೋಡಲೆಂದು ಆಗಷ್ಟೇ ಒಳಗೆ ಎತ್ತಿ ಕೂರಿಸಿದ್ದ ಲಗಮವ್ವ ಆ ಕಡೆಯೇ ಉಳಿದಳು. ಹೊರಗಿನ ಮೆಟ್ಟಿಲು ಇಳಿಯಲು ಮೊಣಕಾಲು ಬಿಡಲಿಲ್ಲ. ಹಲಗೆಯಾಚೆ ಅವಳ ಕೆಮ್ಮು ಕೇಳಿದಾಗ ಗಾಳೆಪ್ಪ ತುತ್ತು ಕೈಯಲ್ಲೇ ಹಿಡಿದು ಕಿವಿಗೊಡುತ್ತಿದ್ದ. ಆದರೂ ಹೋಗಲಿಲ್ಲ.

ಬೇಸಿಗೆಯಲ್ಲಿ ಹಿತ್ತಿಲಲ್ಲಿ ಬಚ್ಚಲು ಕಟ್ಟಿಸಲು ಅದೇ ಪೈಪು ಹೊರಬಂತು. ಇನ್ನೊಂದು ತುದಿ ಹೆಂಡತಿ ಕಸ್ತೂರಿಯ ಕೈಯಲ್ಲಿ. ಗಾಳೆಪ್ಪ ತನ್ನ ತುದಿ ಏರಿಸಿದ, ಇಳಿಸಿದ. ನೀರೂ ಅದರ ಜೊತೆಗೇ ಏರಿತು, ಇಳಿಯಿತು.

"ಹೆಬ್ಬಟ್ಟ ತಗೀರಿ," ಎಂದಳು ಕಸ್ತೂರಿ. "ಒಳಗ ಗಾಳಿ ಸಿಕ್ಕೊಂಡೈತಿ, ನೀರು ಹೆಂಗ ಸರೀತೈತಿ?"

ತೆಗೆದ. ನೀರು ಸರ್ರನೆ ಮೇಲೆ ಹತ್ತಿತು. ಗಾಳೆಪ್ಪ ಅದನ್ನೇ ನೋಡುತ್ತ ನಿಂತ. ನೀರು ಚೆಲ್ಲಬಾರದೆಂದು ಹೆಬ್ಬೆಟ್ಟಿನಿಂದ ತುದಿ ಒತ್ತಿಕೊಂಡು ಬಂದವನು ತಮ್ಮನ ಮನೆಗೆ ಮಟ್ಟ ಹಿಡಿದ ದಿನವೂ ಬಿಡಲು ಮರೆತಿದ್ದ. ಸಿಕ್ಕಿಬಿದ್ದ ಗಾಳಿ ನೀರನ್ನು ತಡೆದಿತ್ತು. ತನ್ನ ಗೆರೆಗೆ ಹೊಂದಲೆಂದು ಪೈಪನ್ನೇ ಕೆಳಗಿಳಿಸಿದ್ದ. ತಮ್ಮನ ಕಡೆಯ ನೀರು ಮೇಲೆಯೇ ಉಳಿದಿತ್ತು, ಗೌಂಡಿಯ ಗೆರೆಯೂ ಅಲ್ಲೇ ಬಿದ್ದಿತ್ತು. ನಾಚಿಕೆಯಿಂದ ಅವನ ಮುಖ ಸಣ್ಣದಾಯಿತು.

ಸುತ್ತಿಗೆ ತಂದು ಹಲಗೆ ಕಿತ್ತ. ಸದ್ದು ಕೇಳಿ ದುಂಡೇಶ ಆಚೆ ಬಂದು ನಿಂತಿದ್ದ.

"ತಮ್ಮಾ, ಅವತ್ತ ನಾ ಹೆಬ್ಬಟ್ಟ ತಗದಿದ್ದಿಲ್ಲಲೇ."

"ನೋಡಿದ್ನಿ ಅಣ್ಣಾ."

"ನೋಡಿ ಸುಮ್ನಿದ್ದಿ?"

"ಹಿರ್ಯಾವ ಹಿಡದಿದ್ದಿ. ತಗಿ ಅಂತ ನಾ ಹೆಂಗ ಹೇಳ್ಲಿ? ಅಷ್ಟರಾಗ ಏನಾಗತೈತಿ ಅಂದ್ಕೊಂಡ್ನಿ."

ಅಷ್ಟರಲ್ಲಿ ಲಗಮವ್ವ ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದಳು.

"ಒಬ್ಬಾವ ಹೇಳಲಿಲ್ಲ, ಒಬ್ಬಾವ ಕೇಳಲಿಲ್ಲ. ಈಗರೆ ಇಬ್ರೂ ಹಿಡದು ನನ್ನ ಇಳಸ್ರಿ."

ಇಬ್ಬರೂ ಒಂದೊಂದು ತೋಳು ಹಿಡಿದರು. ನಾಲ್ಕು ಬೆರಳು ಇಳಿಯಲು ಅವಳಿಗೆ ಬಹಳ ಹೊತ್ತು ಬೇಕಾಯಿತು.