ಸ್ಟೂರ್‌ಶೋನ್ ಸರೋವರದ ಗಾಳಿ

ನಂದಕುಮಾರ ಆ ಶನಿವಾರ ಮಗಳ ಜೊತೆ ಸರೋವರಕ್ಕೆ ಹೊರಟದ್ದು ಅವಳನ್ನು ಹೇಗಾದರೂ ತಡೆಯಬೇಕೆಂದೇ. ಸ್ಯಾಂಡ್‌ವಿಕೆನ್‌ನ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ಅವನು ಸ್ವೀಡನ್ನಿಗೆ ಬಂದಾಗ ದಿಶಾ ಅಂಬೆಗಾಲಿಡುತ್ತಿದ್ದಳು. ಈಗ ಕಾಲೇಜು ಮುಗಿಸುತ್ತಿದ್ದ ಅವಳು ಎಲ್ಲಿಂದಲೋ ಒಂದು ಹಳೆಯ ಐಸ್‌ಬೋಟ್ ತಂದಿದ್ದಳು. ಇಬ್ಬರು ಕೂರಬಹುದಾದ ಕಿರಿದಾದ ಮರದ ದೋಣಿ, ತಳಕ್ಕೆ ಮೂರು ಉಕ್ಕಿನ ಅಲಗು, ಮೇಲೊಂದು ಹಾಯಿ. ಹೆಪ್ಪುಗಟ್ಟಿದ ನೀರಿನ ಮೇಲೆ ಅದು ಕಾರಿನಷ್ಟು ಜೋರಾಗಿ ಓಡುತ್ತದೆಂದು ಕೇಳಿದಂದಿನಿಂದ ಅವನ ಹೆಂಡತಿ ಮಾಲತಿಗೆ ನೆಮ್ಮದಿಯಿರಲಿಲ್ಲ.

"ನೀವೇ ಒಂದ್ಸಲ ಹೋಗಿ ನೋಡ್ಕೊಂಡ್ಬನ್ನಿ. ಡೇಂಜರ್ ಅನ್ಸಿದ್ರೆ ಮಾರಿಸ್ಬಿಡಿ," ಎಂದಿದ್ದಳು.

೨೦೦೫ರ ಆ ಡಿಸೆಂಬರಿನಲ್ಲಿ ಹಿಮ ಬೀಳುವ ಮೊದಲೇ ಚಳಿ ಬಂದಿತ್ತು. ಹಾಗಾಗಿ ಸರೋವರದ ಮೇಲೆ ಬಿಳುಪೇ ಇರಲಿಲ್ಲ. ದಡದಿಂದ ದಡಕ್ಕೆ ಕಪ್ಪು ಗಾಜು ಹಾಸಿದಂತಿತ್ತು. ದಿಶಾ ಅವನ ತಲೆಗೆ ಹೆಲ್ಮೆಟ್ ಹಾಕಿ, ಕೊರಳಿಗೆ ಹಿಡಿಕೆಯಿದ್ದ ಎರಡು ಚೂಪು ಮೊಳೆ ತೂಗಿಹಾಕಿದಳು. "ನೀರಿಗೆ ಬಿದ್ರೆ ಇದನ್ನ ಐಸ್‌ಗೆ ಚುಚ್ಚಿ ಮೇಲೆ ಬರೋದು, ಪಪ್ಪಾ," ಎಂದಳು, ಛತ್ರಿ ಬಿಚ್ಚುವುದು ಹೇಗೆಂದು ಹೇಳಿಕೊಡುವಷ್ಟು ಸಹಜವಾಗಿ.

ಅವಳು ದೋಣಿಯನ್ನು ತಳ್ಳುತ್ತ ಓಡಿ ಹತ್ತಿ ಕುಳಿತಳು. ಮೊದಲು ಅಲಗುಗಳು ಗರಗರ ಎಂದವು. ಹಾಯಿ ಉಬ್ಬಿತು. ಆಮೇಲೆ ಆ ಸದ್ದೂ ತೆಳುವಾಗಿ, ಸೀಟಿಯಂಥ ಒಂದೇ ಎಳೆಯಾಗಿ ಉಳಿಯಿತು. ನಂದಕುಮಾರ ಬೈಯಲೆಂದು ತೆರೆದ ಬಾಯಿ ತೆರೆದೇ ಇತ್ತು. ಕೆಳಗೆ ಮಂಜುಗಡ್ಡೆಯೊಳಗೆ ಗುಳ್ಳೆಗಳು ಮುತ್ತಿನಂತೆ ಸಿಕ್ಕಿಕೊಂಡಿದ್ದವು. ಅದಕ್ಕೂ ಕೆಳಗೆ ಜೊಂಡು ಬಾಗಿ ನಿಂತಿತ್ತು. ಒಂದು ಮೀನು ಅವರ ನೆರಳು ಕಂಡು ಸರಿಯಿತು. ತಾನು ನೀರಿನ ಮೇಲಿದ್ದೇನೆಯೋ ಆಕಾಶದಲ್ಲಿದ್ದೇನೆಯೋ ಅವನಿಗೆ ತಿಳಿಯದಾಯಿತು. ಎಷ್ಟು ಹೊತ್ತು ಹಾಗೆ ಹೋದರೆಂಬುದೂ ತಿಳಿಯಲಿಲ್ಲ.

ಸರೋವರದ ಆಚೆ ತುದಿ ಸಮೀಪಿಸಿದಾಗ ಗಾಳಿ ಸತ್ತಿತು, ಮಂಜು ಇಳಿಯಿತು. ದೋಣಿ ತಾನಾಗಿ ನಿಂತಿತು. ಇಬ್ಬರೂ ಫ್ಲಾಸ್ಕಿನ ಕಾಫಿ ಕುಡಿದರು. ಮಂಜುಗಡ್ಡೆ ದೂರದಲ್ಲೆಲ್ಲೋ ಹೂಂಕರಿಸಿತು. ಆ ದನಿ ಅವರ ಕಾಲಡಿಯಲ್ಲೇ ಹಾದುಹೋಯಿತು.

"ಇದೇನಿದು?"

"ಚಳಿಗೆ ಬಿಗಿಯಾಗ್ತಿದೆ, ಅಷ್ಟೇ. ನೀನಿಲ್ಲೇ ಇರು. ಇಲ್ಲೆಲ್ಲೋ ನದಿ ಬಂದು ಸೇರುತ್ತೆ, ಅಲ್ಲಿ ತೆಳ್ಳಗಿರುತ್ತೆ. ನಾನು ಚೆಕ್ ಮಾಡ್ತೀನಿ."

ಅವಳು ಕಬ್ಬಿಣದ ತುದಿಯ ಕೋಲಿನಿಂದ ಕುಟ್ಟುತ್ತ ಮಂಜಿನೊಳಗೆ ನಡೆದಳು. ಠಣ್, ಠಣ್ ಎಂಬ ಸದ್ದು ಒಮ್ಮೆ ಮೆತ್ತಗೆ ಥಪ್ ಎಂದಿತು. ನಂತರ ನೀರಿನ ಸದ್ದು.

ನಂದಕುಮಾರ ಓಡಿದ. ಕಪ್ಪು ನೀರಲ್ಲಿ ಅವಳ ಹೆಲ್ಮೆಟ್ ಕಂಡಿತು.

"ಹತ್ರ ಬರ್ಬೇಡ. ಮಲ್ಕೋ, ಪಪ್ಪಾ. ಲುಗ್ನ್, ಲುಗ್ನ್." ಚಿಕ್ಕಂದಿನಲ್ಲಿ ಅವಳು ಅತ್ತಾಗ ಡಾಗಿಸ್ ಎಂಬ ಶಿಶುವಿಹಾರದ ಟೀಚರ್ ಹೇಳುತ್ತಿದ್ದ ಮಾತು ಅದು, ಸಮಾಧಾನ ಎಂದು. ಅವನು ಬೋರಲಾಗಿ ಮಲಗಿದ. ದೋಣಿಯಿಂದ ತಂದ ಹಗ್ಗವನ್ನು ಎಸೆದ. ಅವಳು ತಾನು ನಡೆದು ಬಂದ ದಿಕ್ಕಿಗೇ ತಿರುಗಿ, ಮೊಳೆ ಚುಚ್ಚಿ, ಕಾಲು ಬಡಿದಳು. ಅವನು ಎಳೆದ. ಅಂಚು ಮುರಿಯಿತು. ಮತ್ತೆ ಎಳೆದ. ಈ ಸಲ ಅವಳು ಎದೆಯ ಮೇಲೆ ಜಾರುತ್ತ ಬಂದಳು.

ದೋಣಿಯಲ್ಲಿದ್ದ ಚೀಲದಲ್ಲಿ ಒಣ ಬಟ್ಟೆಯಿತ್ತು. ಅವನು ಬೆನ್ನು ತಿರುಗಿಸಿ ನಿಂತ, ಅವಳು ಬದಲಿಸಿಕೊಂಡಳು. ಆದರೆ ಬೆರಳು ಮಡಚಲಾಗುತ್ತಿರಲಿಲ್ಲ, ಹಲ್ಲು ಕಟಕಟ ಎನ್ನುತ್ತಿತ್ತು. ಅಷ್ಟರಲ್ಲಿ ಮಂಜು ಹರಿದು ಗಾಳಿ ಎದ್ದಿತು.

"ನೀನೇ ನಡೆಸ್ಬೇಕು," ಎಂದಳು.

"ನಂಗೆ ಬರಲ್ಲ ಕಣೆ."

"ಹಾಯಿ ಹಗ್ಗ ಎಳೆದ್ರೆ ಓಡುತ್ತೆ, ಬಿಟ್ರೆ ನಿಧಾನ. ಅಷ್ಟೇ."

ಅವಳನ್ನು ತನ್ನ ಜಾಕೆಟ್ಟಿನಲ್ಲಿ ಸುತ್ತಿ ಮುಂದೆ ಕೂರಿಸಿ ಅವನು ಚುಕ್ಕಾಣಿ ಹಿಡಿದ. ಹಗ್ಗ ಎಳೆದಾಗ ಇಡೀ ಗಾಳಿ ಅವನ ಮುಷ್ಟಿಗೆ ಬಂದಂತಾಯಿತು. ಹೆದರಿಕೆ ಹೋಗಿರಲಿಲ್ಲ, ಆದರೆ ಅದರ ಪಕ್ಕದಲ್ಲಿ ಹೆಸರಿಲ್ಲದ ಇನ್ನೇನೋ ಹಗುರವಾಗಿ ತೇಲುತ್ತಿತ್ತು. ಸೂರ್ಯ ಕಾಡಿನ ತುದಿಗೆ ತಾಗಿದ್ದ, ಸರೋವರವೆಲ್ಲ ತಾಮ್ರವಾಗಿತ್ತು. "ಎಡಕ್ಕೆ... ಸ್ವಲ್ಪ ಬಿಡು... ಹಾಂ," ಎಂದು ಅವಳು ಗುನುಗುತ್ತಿದ್ದಳು. ಅವನು ಹಾಗೆಯೇ ಮಾಡಿದ. ದಡ ತಾನೇ ತೇಲಿ ಅವರತ್ತ ಬಂತು.

ಮನೆಯಲ್ಲಿ ಅವನು ಏನನ್ನೂ ಮುಚ್ಚಿಡಲಿಲ್ಲ. ಸೋಫಾದಲ್ಲಿ ಎರಡು ರಜಾಯಿಯಡಿ ದಿಶಾ ನಿದ್ದೆಹೋಗಿದ್ದಳು. ಮಾಲತಿ ಅವಳ ಕಾಲುಗಳನ್ನು ಉಜ್ಜುತ್ತ ಕೇಳಿಸಿಕೊಂಡಳು.

"ಹಾಗಾದ್ರೆ ಮಾರೋದು ತಾನೆ?"

"ಬೇಡ. ನೀರೊಳಗಿದ್ದೂ ಅವಳೇ ನಂಗೆ ಧೈರ್ಯ ಹೇಳಿದ್ಲು, ಮಾಲತಿ. ಇನ್ಮೇಲೆ ಒಬ್ಳೇ ಹೋಗೋದು ಬೇಡ. ನಾನೂ ಹೋಗ್ತೀನಿ."

ಮಾಲತಿ ಅವನನ್ನೇ ನೋಡಿದಳು. ಸಿಟ್ಟು ಇಳಿದಿರಲಿಲ್ಲ. ಆದರೂ ಅವಳು ಸಾರು ಬಿಸಿ ಮಾಡಲು ಎದ್ದಳು.

ಕಿಟಕಿಯಾಚೆ, ದೀಪದ ಬೆಳಕಿನಲ್ಲಿ ಆ ವರ್ಷದ ಮೊದಲ ಹಿಮ ದಪ್ಪ ದಪ್ಪ ಹಳುಕಾಗಿ ಇಳಿಯತೊಡಗಿತ್ತು. ನಾಳೆ ಬೆಳಗಾಗುವಷ್ಟರಲ್ಲಿ ಸರೋವರ ಮುಚ್ಚಿಹೋಗುತ್ತದೆ, ಅಲಗು ಓಡುವುದಿಲ್ಲ. ನಂದಕುಮಾರ ಗಾಜಿಗೆ ಹಣೆಯೊತ್ತಿ, ಹಿಮ ಬೀಳುವುದು ನಿಲ್ಲಲಿ ಎಂದುಕೊಳ್ಳುತ್ತ ಬಹಳ ಹೊತ್ತು ನಿಂತ.