ಬನಿಯಾಸಿನ ನೀಲಿ ಅಂಗಿ

“ನೋಡಿ, ಸೋಲುವವರ ಅಂಗಿ ಹಾಕ್ಕೊಂಡು ಬಂದ ನಮ್ಮ ಏಳನೇ ಕ್ಲಾಸು! ಈ ದರಿದ್ರದವನ ಮುಖ ನೋಡಿ ಹೊರಟರೆ ಕಾರಲ್ಲ, ಸೈಕಲ್ಲಿನ ಬೆಲ್ಲೂ ಸಿಗ್ಲಿಕ್ಕಿಲ್ಲ!”

ಹೇಳಿದ್ದು ಹಿಶಾಮ್; ಏಳನೆಗೆ ಶಾಲೆ ಬಿಟ್ಟ ನನಗೆ ಅವನಿಟ್ಟ ಹೆಸರೇ ಅದು. ದೊಡ್ಡಪ್ಪನ ಮಗ, ನನಗೆ ವೀಸಾ ತೆಗೆದುಕೊಟ್ಟವನು, ವರ್ಕ್‌ಶಾಪಿನಲ್ಲಿ ನನ್ನ ಫೋರ್‌ಮನ್. ಮುಸಫ್ಫಾದ ಲೇಬರ್ ಕ್ಯಾಂಪಿನ ಗೇಟಿನಲ್ಲಿ ಬಸ್ಸು ನಿಂತಿತ್ತು. ಒಳಗಿದ್ದವರೆಲ್ಲ ಕಿಟಕಿಗೆ ಮುಖ ಹಚ್ಚಿ ನಕ್ಕರು.

2017ರ ಫುಟ್‌ಬಾಲ್ ಲೀಗು ಮುಗಿಯುತ್ತ ಬಂದಿತ್ತು. ಕಪ್ ಜಜೀರಾ ತಂಡಕ್ಕೇ ಅಂತ ಎಲ್ಲರ ಬಾಯಲ್ಲಿ. ನನ್ನ ಮೈಮೇಲಿನ ನೀಲಿ ಅಂಗಿಯ ತಂಡ ಬನಿಯಾಸ್ ಕೆಳಗಿನ ಲೀಗಿಗೆ ಬೀಳುವುದೂ ಗ್ಯಾರಂಟಿ. ನಮ್ಮವರಿಗೆ ಎರಡೂ ಒಂದೇ. ಅವರು ಹೋಗುವುದು ಆಟಕ್ಕಲ್ಲ, ಹಾಫ್ ಟೈಮಿನಲ್ಲಿ ಎತ್ತುವ ಕಾರಿನ ಲಕ್ಕಿ ಡ್ರಾಕ್ಕೆ. ತಲೆಗೊಂದು ಕೂಪನ್, ಯಾರಿಗೆ ಬಂದರೂ ಎಲ್ಲರಿಗೂ ಪಾಲು. ಅದು ಕ್ಯಾಂಪಿನ ಕಾನೂನು. ನಂಬರ್ ಬರದಿದ್ದರೆ ಅಲ್ಲಿಗೇ ಎದ್ದು ಬರುತ್ತಾರೆ.

ಚಳಿಗಾಲದಲ್ಲಿ ಹಾಗೆಯೇ ಬನಿಯಾಸಿನ ಮೈದಾನಕ್ಕೆ ಹೋಗಿದ್ದೆವು. ಎಲ್ಲರೂ ಎದ್ದರು, ನಾನು ಏಳಲಿಲ್ಲ. ರೂಮಿಗೆ ಹೋಗಿ ಎಂತ ಮಾಡುವುದು? ಒಬ್ಬೊಬ್ಬನೂ ಗೋಡೆ ಕಡೆ ತಿರುಗಿ ಮೊಬೈಲಿನಲ್ಲಿ ಮನೆಯವರ ಜೊತೆ. ಹೆತ್ತ ಉಮ್ಮ ತೀರಿಹೋದ ಮೇಲೆ ಊರಿನಲ್ಲಿ ನನ್ನ ಫೋನು ಎತ್ತುವವರಿಲ್ಲ.

ಖಾಲಿ ಸಾಲಿನಲ್ಲಿ ಒಬ್ಬರು ಅರಬಿ ಮುದುಕರಿದ್ದರು. ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟು ಹೆಸರು ಕೇಳಿದರು. ಕ್ಯಾಂಪಿನಲ್ಲಿ ಯಾರೂ ನನ್ನನ್ನು ಹೆಸರು ಹಿಡಿದು ಕರೆಯುವುದಿಲ್ಲ. “ಕುಂಞಾಲಿ” ಎಂದು ಎರಡೆರಡು ಸಲ ಹೇಳಿದೆ, ಸುಳ್ಳು ಯಾಕೆ. ಅವರ ಹೆಸರು ಮೊಹಮ್ಮದ್. ನನಗೆ ಬರುವ ಅರಬಿ ಯಲ್ಲಾ, ಖಲಾಸ್, ಅಷ್ಟೇ. ಬನಿಯಾಸ್ ಗೋಲು ಬಿಟ್ಟುಕೊಟ್ಟಾಗ ಇಬ್ಬರೂ ತಲೆ ಮೇಲೆ ಕೈ ಇಟ್ಟುಕೊಳ್ಳಲಿಕ್ಕೆ ಅಷ್ಟು ಸಾಕಿತ್ತು. ಆಮೇಲೆ ಅಲ್ಲಿ ಆಟವಿದ್ದಾಗಲೆಲ್ಲ ಹೋದೆ. ಒಮ್ಮೆ ಈ ಅಂಗಿ ತಂದುಕೊಟ್ಟರು. ಕೊಟ್ಟದ್ದು ಯಾರೆಂದು ಕ್ಯಾಂಪಿಗೆಲ್ಲ ಗೊತ್ತು.

ಕಳೆದ ಎರಡು ಆಟಕ್ಕೆ ಅವರು ಬರಲಿಲ್ಲ. ಫೋನ್ ನಂಬರ್ ಕೇಳುವ ಬುದ್ಧಿ ನನಗೆ ಯಾವತ್ತೂ ಬಂದಿರಲಿಲ್ಲ. ಇವತ್ತು ಆ ಮೈದಾನದಲ್ಲಿ ಈ ವರ್ಷದ ಕೊನೆಯ ಆಟ. ಇವತ್ತೂ ಸಿಗದಿದ್ದರೆ ಎಲ್ಲಿ ಅಂತ ಹುಡುಕುವುದು? ಬಸ್ಸು ಹೊರಟಿರುವುದು ಜಜೀರಾದ ಮೈದಾನಕ್ಕೆ. ನಾನು ಬರುವುದಿಲ್ಲ ಎಂದು ಹೇಳಲಿಕ್ಕೇ ಗೇಟಿಗೆ ಬಂದದ್ದು.

“ಒಂದು ಕೂಪನ್ ಕಮ್ಮಿ ಮಾಡ್ತಿಯಾ?” ಹಿಶಾಮ್ ಕೆಳಗಿಳಿದ. “ಅಂಗಿ ತೆಗೆ, ಬಸ್ಸು ಹತ್ತು. ಇಲ್ಲದಿದ್ದರೆ ನಾಳೆಯಿಂದ ನಮ್ಮ ಮೆಸ್ಸಿಗೆ ಕಾಲಿಡಬೇಡ.”

ಅಡುಗೆಯ ಇಸ್ಮಾಯಿಲ್ ಕಾಕ ಕಿಟಕಿಯಿಂದ ಕೈ ಚಾಚಿದರು. “ಹತ್ತು ಮೋನೆ, ಹತ್ತು ಮಗಾ. ಒಬ್ಬನೇ ಎಲ್ಲಿಗೆ ಹೋಗ್ತಿ? ಇಲ್ಲಿ ಸೀಟ್ ಇಟ್ಟಿದ್ದೇನೆ.”

ಒಂದು ಕ್ಷಣ ಆ ಸೀಟು ನೋಡಿದೆ.

“ಆ ಮುದುಕ ಎಂತ, ನಿನ್ನನ್ನು ಹುಟ್ಟಿಸಿದ ಉಪ್ಪನಾ?” ಹಿಶಾಮ್ ಬಸ್ಸಿಗೆಲ್ಲ ಕೇಳುವ ಹಾಗೆ ಹೇಳಿದ. “ಈಗ ಸತ್ತೇ ಹೋಗಿರಬೇಕು.”

ಯಾರೂ ನಗಲಿಲ್ಲ. ನನ್ನ ಕೈ ಮುಷ್ಟಿಯಾಯಿತು. ಅವನ ಹಲ್ಲು ಉದುರಿಸಲಿಕ್ಕೆ ಎಷ್ಟು ಹೊತ್ತು? ಆದರೆ ಹೊಡೆದಾಟಕ್ಕೆ ನಿಂತರೆ ಆಟ ಶುರುವಾಗಿಬಿಡುತ್ತದೆ. ಅವರು ಬಂದಿದ್ದರೆ, ಪಕ್ಕದ ಕುರ್ಚಿ ಖಾಲಿ ನೋಡಿ ಎದ್ದು ಹೋದರೆ?

ಅಂಗಿಯ ಅಂಚು ಎಳೆದು ಸರಿ ಮಾಡಿಕೊಂಡೆ. ಬನಿಯಾಸ್ ಕಡೆಯ ರಸ್ತೆ ಹಿಡಿದು ನಡೆದೆ. ಹಿಂದಿನಿಂದ ಹಿಶಾಮ್ ಇನ್ನೂ ಏನೋ ಕೂಗುತ್ತಿದ್ದ.