ಮೂರು ಸೆಕೆಂಡಿನ ನವಿಲು

ನಾನು ಹೇಳುವುದರಲ್ಲಿ ಒಂದಕ್ಷರ ಸುಳ್ಳಿದ್ದರೂ ಈ ಚಹಾ ನನ್ನ ಗಂಟಲಲ್ಲಿ ಇಳಿಯದಿರಲಿ ಎಂದು ಬಬಲೇಶ್ವರದ ಹೋಟೆಲಿನಲ್ಲಿ ಗೆಳೆಯ ಪರಮೇಶ್ವರನ ಮುಂದೆ ಆಣೆ ಮಾಡಿ ಶುರು ಮಾಡಿದೆ.

ತಿಕೋಟಾದ ನಮ್ಮ ಓಣಿಯ ಸಮ್ರೀನ ಮಣೂಕ, ಅಂದರೆ ಒಣದ್ರಾಕ್ಷಿ, ಮಾರುವುದು ಮೊಬೈಲ್ ವಿಡಿಯೋದಲ್ಲಿ. ಒಳ್ಳೆಯ ಮಣೂಕವನ್ನು ಹೇಗೆ ಆರಿಸಬೇಕೆಂದು ತೋರಿಸಿದ ವಿಡಿಯೋಗೆ ಊರೂರಿಂದ ಆರ್ಡರು ಬಂದವು. ಐದನೇ ದಿನ ವಿಡಿಯೋವೇ ಮಾಯ. ಕಾರಣ, ಅದರಲ್ಲಿ ಅವಳ ಬೆನ್ನ ಹಿಂದೆ ಮೂರು ಸೆಕೆಂಡು ಒಂದು ಟ್ರಾಕ್ಟರ್ ಹಾದುಹೋಗಿತ್ತು. ಟ್ರೇಲರಿನ ಮೇಲೆ ಪೇಂಟರ್ ಬುಡ್ಡೇಸಾಬ ಬರೆದ ನವಿಲಿತ್ತು. ತನ್ನ ಚಿತ್ರವನ್ನು ಕೇಳದೆ ಬಳಸಿದ್ದಾಳೆಂದು ಅವನು ಕಾಪಿರೈಟ್ ದೂರು ಕೊಟ್ಟಿದ್ದ.

ಆರ್ಡರು ನಿಂತವು. ಸಮ್ರೀನ ವಿಜಯಪುರದಿಂದ ವಕೀಲೆ ವಿಶಾಖಾಳನ್ನು ಕರೆಸಿದಳು.

"ಕಾಕಾ, ವಿಡಿಯೋ ಇರೋದು ಮಣೂಕದ್ದು," ಎಂದಳು ವಿಶಾಖಾ. "ನಿಮ್ಮ ನವಿಲ ಅಕೀ ಹಿಂದ ಸುಮ್ನ ಹಂಗ ಬಂದು ಹೋಗೇತಿ. ಹಂಗ ಬಂದದ್ದು ಕಾಯ್ದೆದಾಗ ತಪ್ಪಲ್ಲ."

"ನನ್ನ ನವಿಲ ಹಂಗ ಬರೂದಿಲ್ಲವಾ," ಎಂದ ಬುಡ್ಡೇಸಾಬ. "ಅದು ಬಂದ ಮ್ಯಾಲ ಮಂದಿ ಮಣೂಕ ನೋಡ್ತಾರೇನು?"

"ಮಂದೀನ ಕೇಳೂಣು ನಡೀರಿ," ಎಂದಳು ಸಮ್ರೀನ.

ಯಾರೂ ನವಿಲು ನೋಡಿಲ್ಲವೆಂದರೆ ದೂರು ವಾಪಸ್ಸು ಎಂದು ಮಾತಾಯಿತು. ಸಂತೆಯ ದಿನ ಅವಳ ಫೋನಿನಲ್ಲೇ ಉಳಿದಿದ್ದ ವಿಡಿಯೋವನ್ನು ನೂರಾ ಎಂಟು ಜನರಿಗೆ ತೋರಿಸಿದೆವು. ನೂರಾ ಎಂಟೂ ಜನ ಮಣೂಕದ ರೇಟು ಕೇಳಿದರು. ಮಕ್ತುಮಬಿ ಅಜ್ಜಿಗೆ ಸಮ್ರೀನಳ ಝುಮಕಿ ಕೂಡ ಕಂಡಿತು, ನವಿಲು ಕಾಣಲಿಲ್ಲ.

"ಇನ್ನೊಂದ ಸಲಾ ನೋಡ ಬೇ," ಎಂದು ಬುಡ್ಡೇಸಾಬ ಅಂಗಲಾಚಿದ.

"ಇನ್ನೇನ ನೋಡ್ಲೋ? ಪಾವ್ ಕಿಲೋ ಕಟ್ಟು," ಎಂದಳು ಅಜ್ಜಿ.

ಅಷ್ಟರಲ್ಲಿ ಪಕ್ಕದ ಊರು ಕಳ್ಳಕವಟಗಿಯ ಕಡೆಯಿಂದ ಒಂದು ಹೆಣ್ಣುನವಿಲು ಹಾರಿ ಬಂದು ಸಂತೆಯ ನಡುವೆ ಇಳಿಯಿತು. ಮಣೂಕದ ರಾಶಿಯತ್ತ ತಿರುಗಿಯೂ ನೋಡಲಿಲ್ಲ. ನೇರ ಫೋನಿನ ಮುಂದೆ ಕೂತಿತು. ಟ್ರಾಕ್ಟರ್ ಹಾದುಹೋದಾಗಲೆಲ್ಲ ಕೊಕ್ಕಿನಿಂದ ಒತ್ತಿ, ವಿಡಿಯೋವನ್ನು ಹಿಂದಕ್ಕೆ ಓಡಿಸಿ, ಮತ್ತೆ ನೋಡಿತು. ಹನ್ನೊಂದು ಸಲ. ನಾನೇ ಎಣಿಸಿದ್ದೇನೆ.

ಬುಡ್ಡೇಸಾಬ ಕಣ್ಣೊರೆಸಿಕೊಂಡ. "ಈಗೇನಂತೀರಿ, ವಕೀಲ್ರ?"

"ಪಕ್ಷಿ ಸಾಕ್ಷಿ ನಡ್ಯೂದಿಲ್ಲರಿ ಕಾಕಾ."

"ಬ್ಯಾಡ ಬಿಡವಾ. ನೋಡೋರು ನೋಡಿದ್ರು, ಸಾಕು. ದೂರು ತಗದಬಿಡ್ತೇನಿ."

ಸಂಜೆಗೇ ವಿಡಿಯೋ ಮರಳಿ ಬಂತು. ನಾನು ಬೆಂಚಿನ ಮೇಲೆ ಸ್ವಲ್ಪ ಮುಂದೆ ಸರಿದು ಪರಮೇಶ್ವರನಿಗೆ ಹೇಳಿದೆ:

"ಮರುದಿನ ಆರ್ಡರ್ ಚಾಲೂ ಆದ್ವು ನೋಡಪಾ. ಮೊದಲನೇದರಾಗ ಏನ ಬರದಿತ್ತಂದ್ರ, ಮಣೂಕ ಬ್ಯಾಡ, ಟ್ರಾಕ್ಟರ್ ಕಳಸ್ರಿ. ವಿಳಾಸ, ಕಳ್ಳಕವಟಗಿ ಹಾದಿ, ಬೇವಿನ ಗಿಡ, ಮೂರನೇ ಟೊಂಗಿ. ನಾನ ಅದ ಟ್ರಾಕ್ಟರ್ ಹೊಡಕೊಂಡ ಹೋದ್ನಿ. ಗಿಡದ ಬುಡಕ ನಿಂತು ಮ್ಯಾಲ ನೋಡ್ತೇನಿ, ಆ ನವಿಲ ತನ್ನ..."

ಪರಮೇಶ್ವರ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದು ಹೋದ.